ಹೈದರಾಬಾದ್ ಮಾಲು

ವಾಡಿಯ ಒಂದು ಶೆಡ್ಡಿನಲ್ಲಿ ಅಪ್ಪ ಬ್ಯಾಟರಿ ಆಟೋಗಳ ಬಾಡಿ ವೆಲ್ಡಿಂಗ್ ಮಾಡುತ್ತಿದ್ದರು. ಮೋಟರು, ಕಂಟ್ರೋಲರು ರಟ್ಟಿನ ಪೆಟ್ಟಿಗೆಗಳಲ್ಲಿ ರೈಲಿನಿಂದ ಇಳಿಯುತ್ತಿದ್ದವು. ಎಂಟು ಜನ ಸೇರಿ ಜೋಡಿಸಿದ ಆಟೋಗಳು ಚಿತ್ತಾಪುರ, ಸೇಡಂ, ಸುಲೇಪೇಟದಲ್ಲಿ ಓಡುತ್ತಿದ್ದವು. ಆಮೇಲೆ ಕಲಬುರಗಿಯ ಅಂಗಡಿಗೆ ಚೀನಾದಿಂದ ಪೂರ್ತಿ ತಯಾರಾದ ಆಟೋಗಳು ಬಂದವು. ಬೆಲೆ ಕಡಿಮೆ. ನಮ್ಮ ಶೆಡ್ಡಿನ ಮುಂದೆ ಮಾರಾಟವಾಗದೆ ನಿಂತವುಗಳ ಮೇಲೆ ಊರಿನ ಸಿಮೆಂಟ್ ಕಾರ್ಖಾನೆಯ ಧೂಳು ಕೂರತೊಡಗಿತು.

ಹೊರದೇಶದ ಮಾಲಿಗೆ ತೆರಿಗೆ ಹೆಚ್ಚಿಸಿ ಎಂದು ದಿಲ್ಲಿಗೆ ಮನವಿ ಕಳಿಸುವುದು ಅಪ್ಪನ ವಿಚಾರ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ನನಗೆ ಬರೆಯುವ ಕೆಲಸ ಬಂತು. ಒಂದು ಭಾನುವಾರ ಅಪ್ಪ ಮತ್ತು ಅವರ ಜೊತೆಯ ಫಿಟ್ಟರ್ ಚಾಚಾ ನಮ್ಮ ಮನೆಯಲ್ಲಿ ಕೂತರು.

“ಬಿಗಿಯಾಗಿ ಬರಿ ಬೇಟಾ. ನಿಮ್ಮಪ್ಪನ ವೆಲ್ಡಿಂಗ್ ಹಂಗ ಸಡ್ಲ ಆಗಬಾರದು,” ಅಂದರು ಚಾಚಾ.

“ನಾ ಹಚ್ಚಿದ್ದು ಒಂದರೆ ಬಿಚ್ಚಿದ್ದು ತೋರಸು, ಈಗs ಮೀಸಿ ಬೋಳಿಸ್ತೀನಿ,” ಅಂದರು ಅಪ್ಪ.

“ಅಪ್ಪಾ, ಬರೀ ಆಟೋ ಅಂತ ಬರೀಲೇನು, ಸಾಮಾನೂ ಸೇರಸ್ಲೇನು?” ಎಂದು ಕೇಳಿದೆ.

“ಎಲ್ಲಾ ಸೇರಸು. ಒಂದು ನಟ್ಟೂ ಬಿಡಬ್ಯಾಡ.”

“ನಮ್ಮ ಮೋಟರ್ ಎಲ್ಲಿಂದ ಬರ್ತಾವ?”

“ಅವು ಹೈದರಾಬಾದ್ ಮಾಲು. ಅದೇನ್ ಪರದೇಶೇನು?”

ಮದುವೆಯ ಬಟ್ಟೆ, ಬಳೆ, ದೊಡ್ಡ ಆಸ್ಪತ್ರೆ, ಎಲ್ಲಕ್ಕೂ ನಮಗೆ ಹೈದರಾಬಾದೇ. ಅಲ್ಲಿಂದ ಬಂದದ್ದನ್ನು ನಮ್ಮ ಕಡೆ ಯಾರೂ ಹೊರಗಿನದು ಎನ್ನುವುದಿಲ್ಲ. ಪೆಟ್ಟಿಗೆಗಳ ಮೇಲೂ ಅಲ್ಲಿಯ ವ್ಯಾಪಾರಿಯ ಚೀಟಿಯೇ ಇರುತ್ತಿತ್ತು. ನಾನು ಶೆಡ್ಡಿನ ಮಾಲೀಕನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ‘ವಾಹನಗಳು ಹಾಗೂ ಅವುಗಳ ಎಲ್ಲ ಬಿಡಿಭಾಗಗಳು’ ಎಂದು ಬರೆದೆ. ಅಪ್ಪ ಮೊದಲ ಸಹಿ ಹಾಕಿ, ಉಳಿದವರ ಮನೆಗಳಿಗೆ ತಾವೇ ಹೋಗಿ ಸಹಿ ಮಾಡಿಸಿಕೊಂಡು ಬಂದರು.

ಕೆಲವು ತಿಂಗಳ ನಂತರ ಹೊರದೇಶದ ವಾಹನ, ಬಿಡಿಭಾಗ ಎರಡರ ಮೇಲೂ ತೆರಿಗೆ ಏರಿತು. ಅಪ್ಪ ಶೆಡ್ಡಿನಲ್ಲಿ ಪೇಢೆ ಹಂಚಿದರು. ಆಮೇಲೆ ಪೆಟ್ಟಿಗೆಗಳು ಬರುವುದು ನಿಂತಿತು. ನಮ್ಮ ಮೋಟರುಗಳೂ ಚೀನಾದವೇ, ಹೊಸ ದರದಲ್ಲಿ ತರಿಸಲು ತನ್ನ ಕೈಲಾಗದು ಎಂದು ಮಾಲೀಕ ಬೀಗ ಹಾಕಿದ.

ಆ ಕಾಗದವನ್ನು ದಿಲ್ಲಿಯಲ್ಲಿ ಯಾರೂ ಓದಿರಲಾರರು. ಅಪ್ಪನಿಗೆ ಹಾಗೆಂದು ಎರಡು ಸಲ ಹೇಳಿದೆ.

“ಕೇಳಿದವ್ರು ನಾವು. ಕೊಟ್ಟಾರ,” ಅಂದರು.

ಚಾಚಾ ಈಗ ಶಹಾಬಾದಿಗೆ ಕಲ್ಲು ಪಾಲಿಶ್ ಕೆಲಸಕ್ಕೆ ಹೋಗುತ್ತಾರೆ. ಅಪ್ಪ ಎಲ್ಲಿಗೂ ಹೋಗುತ್ತಿಲ್ಲ. ಮೊನ್ನೆ ಚಾಚಾ ಬಂದು, ಬಿಡಿಭಾಗಗಳ ತೆರಿಗೆಯಾದರೂ ಇಳಿಸಲಿ ಎಂದು ಇನ್ನೊಂದು ಮನವಿ ಬರೆಸಿದರು. ಈ ಸಲ ಮಾಲೀಕನಿಗೆ ತೋರಿಸಿ, ತಿದ್ದಿಸಿಕೊಂಡು ಬರೆದೆ. ಏಳು ಜನ ಸಹಿ ಮಾಡಿದರು. ಅಪ್ಪನ ಮುಂದೆ ಹಾಳೆ ಇಟ್ಟಾಗ ಅವರು ಓದದೆ ಮಡಚಿ, ನನ್ನ ಕೈಗೆ ಕೊಟ್ಟು ಒಳಗೆ ಹೋದರು.