ಮೂರನೆಯ ಚರಣ

ಸ್ನೇಹಿತರೇ, ನನ್ನ ಅತಿ ಮೆಚ್ಚಿನ ಹಾಡಿಗೆ ಎಷ್ಟು ಚರಣ ಎಂದು ಇವತ್ತು ಮೊಮ್ಮಗಳ ಜೊತೆ ಜಗಳವಾಯಿತು. ನಾನು ಎರಡು ಅಂದೆ. "ಮೂರು ತಾತ, ಬೇಕಾದ್ರೆ ಕೇಳು" ಎಂದು ಅವಳು ಮೊಬೈಲಿನಲ್ಲಿ ಹಾಕಲು ಹೊರಟಳು.

"ಅರವತ್ತು ವರ್ಷದಿಂದ ಹಾಡ್ತಾ ಇವ್ನಿ, ನಂಗೇ ಹೇಳ್ಕೊಡ್ತೀಯಾ?" ಎಂದು ರೇಗಿದೆ. ಸಾಕ್ಷಿಗೆ ಅರಕಲಗೂಡಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ.

ಅಕ್ಕ ನಕ್ಕುಬಿಟ್ಟಳು. "ಮೂರ್ನೇದು ನಮ್ಗೆಂಗ್ಲಾ ಗೊತ್ತಾಯ್ತದೆ? ಎರಡ್ನೇದು ಸುರುವಾಗ್ತಿದ್ದಂಗೇ ಓಡ್ತಿದ್ವಲ್ಲಾ!"

ನಿಜ. ಆಗ ಚನ್ನರಾಯಪಟ್ಟಣದ ಟೆಂಟ್ ಸಿನಿಮಾದ ಮೈಕು ನಮ್ಮ ಮನೆಯ ಹಿತ್ತಲಿಗೆ ಕೇಳಿಸುತ್ತಿತ್ತು. ಟಿಕೆಟ್ ಕೊಡುವ ಮುಂಚೆ ಹಾಕುತ್ತಿದ್ದ ಕೊನೆಯ ಗ್ರಾಮಫೋನ್ ಪ್ಲೇಟು ಅದೇ ಹಾಡಿನದು. ಅದು ಕೇಳಿದ್ದೇ ತಡ, ಅಕ್ಕ ಗಡಿಬಿಡಿಯಲ್ಲಿ ಪಾತ್ರೆ ತೊಳೆದು, ಒದ್ದೆ ಕೈಯಲ್ಲೇ ನನ್ನನ್ನು ಎಳೆದುಕೊಂಡು ಓಡುತ್ತಿದ್ದಳು. ಗೇಟು ಮುಟ್ಟುವ ಹೊತ್ತಿಗೆ ಜನರ ಗಲಾಟೆಯಲ್ಲಿ ಹಾಡು ಮುಗಿದುಹೋಗಿರುತ್ತಿತ್ತು.

"ಈಗ ಆಕ್ಸು ಕಣ್ಲಾ, ಕೇಳುವಾ" ಅಂದಳು ಅಕ್ಕ. ಫೋನಿನ ಆ ಕಡೆ ಅವಳು, ಈ ಕಡೆ ನಾನು, ಮೂರನೆಯ ಚರಣವನ್ನು ಕುಳಿತು ಕೇಳಿದೆವು. ಚೆನ್ನಾಗಿಯೇ ಇದೆ. ಓಡಿಹೋಗಲು ಆ ಟೆಂಟೊಂದು ಇದ್ದಿದ್ದರೆ ಇವತ್ತೂ ಕೇಳುತ್ತಿರಲಿಲ್ಲ.