ಮೇಲೆ ಬಂದೆ ಅನ್ನುವ ತನಕ

ಹಿರಿಯೂರಿನಲ್ಲಿ ಯಾರ ಮನೆಯ ಮೋಟಾರು ಕೆಟ್ಟರೂ ಮೊದಲು ನೆನಪಾಗುತ್ತಿದ್ದವನು ಯಲ್ಲದಕೆರೆಯ ಕರಿಸಿದ್ದಪ್ಪ. ಅಪ್ಪ, ತಾತ ಎಲ್ಲ ಕುರಿಯ ಹಿಂದೆ ಅಲೆದವರು. ಇವನೊಬ್ಬ ಕುರಿ ಬಿಟ್ಟು ಮೋಟಾರಿನ ಹಿಂದೆ ಬಿದ್ದ. ಹೆಗಲ ಮೇಲಿನ ಕಂಬಳಿಯನ್ನು ಮಾತ್ರ ಬಿಡಲಿಲ್ಲ. ಅವನಿಗೆ ಒಬ್ಬಳೇ ಮಗಳು, ದೇವಿಕಾ. ಪಿಯುಸಿಯಲ್ಲಿ ಫೇಲಾಗಿ ಮುಖ ಊದಿಸಿಕೊಂಡು ಮೂಲೆ ಹಿಡಿದಿದ್ದವಳನ್ನು ಒಂದು ದಿನ, "ಏಳವ್ವ, ಅತ್ತಿದ್ದು ಸಾಕು. ಸಂಪಿಗಿಳಿಯಾಕೆ ನಂಗೊಬ್ರು ಬೇಕಾಗೈತೆ, ಹೋಗಾಣ ಬಾ" ಎಂದು ಎಬ್ಬಿಸಿಕೊಂಡು ಹೋದ.

ಸಂಪಿನ ಬಾಯಿ ಕಿರಿದು, ಕರಿಸಿದ್ದಪ್ಪನ ಹೊಟ್ಟೆ ದೊಡ್ಡದು. ಹಾಗಾಗಿ ಇಳಿಯುವವಳು ಮಗಳು, ಮೇಲೆ ನಿಲ್ಲುವವನು ಅಪ್ಪ. ಈ ಕೆಲಸದಲ್ಲಿ ಅವನದೊಂದು ಕಟ್ಟುನಿಟ್ಟು ಇತ್ತು. ಯಾರಾದರೂ ಇಳಿಯುವ ಮೊದಲು ಮೋಟಾರಿನ ಬಿಳಿ ಪಿಂಗಾಣಿ ಫ್ಯೂಸನ್ನು ಕಿತ್ತು, ಮೇಲೆ ನಿಂತವನು ಜೇಬಿಗೆ ಹಾಕಿಕೊಳ್ಳಬೇಕು. ಇಳಿದವರು ಹತ್ತಿ ಬಂದು, ಎದುರಿಗೆ ನಿಂತು, ತಮ್ಮ ಬಾಯಿಂದಲೇ "ಮ್ಯಾಲೆ ಬಂದೆ" ಅನ್ನಬೇಕು. ಅಲ್ಲಿಯ ತನಕ ಮನೆಯ ಯಜಮಾನ ಕೇಳಿದರೂ ಫ್ಯೂಸು ಕೊಡುವಂತಿಲ್ಲ.

ಒಮ್ಮೆ ಕಲ್ಯಾಣ ಮಂಟಪವೊಂದರಲ್ಲಿ ಮದುವೆ ಅಡುಗೆಗೆ ನೀರಿಲ್ಲದೆ ಗಂಡಿನ ಸೋದರಮಾವ ಬಂದು ಕೂಗಾಡಿದ. ಅಂಥವರಿಗೆ ಕೂಗಾಡುವುದೇ ಮದುವೆಯ ಸಂಭ್ರಮ. "ಕೂಗ್ರಿ ಸ್ವಾಮಿ, ಎಷ್ಟ್ ಬೇಕಾದ್ರೂ ಕೂಗ್ರಿ. ನನ್ ಮಗಳು ಒಳಗವ್ಳೆ. ಅವ್ಳು ಬಂದ ಮ್ಯಾಲೆ ನೀರು" ಎಂದು ಕರಿಸಿದ್ದಪ್ಪ ಜೇಬಿನ ಮೇಲೆ ಕೈಯಿಟ್ಟುಕೊಂಡು ಬೀಡಿ ಸೇದುತ್ತ ನಿಂತ. ಒಳಗೆ ಕತ್ತಲಲ್ಲಿ ಸೊಂಟದ ತನಕ ನೀರಲ್ಲಿದ್ದ ದೇವಿಕಾಗೆ ಆ ಮಾತು ಕೇಳಿಸಿತು. ಆಮೇಲೆ ಅವಳು ಯಾವ ಸಂಪಿಗೂ ಹೆದರಲಿಲ್ಲ.

ಹೆಣ್ಣುಮಗಳು ಸ್ಪ್ಯಾನರ್ ಹಿಡಿದದ್ದು ಕೆಲವರ ಕಣ್ಣಿಗೆ ಖಾರ ಎರಚಿದಂತಾಗಿತ್ತು. ಇವಳಿಗೆ ಮದುವೆಯಾಗುವುದಿಲ್ಲ ಎಂದರು, ಅದು ನಿಜವೇ ಆಯಿತು. ಅವಳು ಅದಕ್ಕಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಐಟಿಐ ಮುಗಿಸಿ, ಹಾಸ್ಟೆಲ್ಲು, ಮಂಟಪ, ಲಾಡ್ಜುಗಳ ರಿಪೇರಿಯನ್ನೆಲ್ಲ ಗುತ್ತಿಗೆ ಹಿಡಿಯುವ ನಾಗರಾಜಪ್ಪನವರ ಕಂಪನಿ ಸೇರಿದಳು. ಕೆಲವು ವರ್ಷಗಳಲ್ಲಿ ಸೂಪರ್‌ವೈಸರ್ ಆದಳು. ಅಪ್ಪನನ್ನೂ ಅಲ್ಲಿಗೇ ಸೇರಿಸಿಕೊಂಡಳು. ಅಪ್ಪನ ಕಟ್ಟುನಿಟ್ಟನ್ನು ಕಂಪನಿಯ ಕಾನೂನು ಮಾಡಿದಳು. ಯಾರೇ ಒಳಗಿಳಿಯಲಿ, ಮೇಲಿನವನ ಜೇಬಿನಲ್ಲಿ ಫ್ಯೂಸು. ತಪ್ಪಿದವನಿಗೆ ಅವತ್ತಿಗೇ ಕೆಲಸ ಕೊನೆ. "ಮಗಳ ಕೈ ಕೆಳಗೆ ದುಡೀತೀಯಲ್ಲೋ" ಎಂದು ಯಾರೋ ಕುಟುಕಿದಾಗ ಕರಿಸಿದ್ದಪ್ಪ, "ಕೈ ಹಿಡ್ದು ನಡೆಸಿದೋನಿಗೆ ಕೈ ಕೆಳಗೆ ಇರಾಕೆ ಏನ್ ನಾಚಿಕೆ?" ಎಂದು ನಕ್ಕಿದ್ದ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ಊರಿನ ಕೆಲಸಕ್ಕೆ ಅವಳನ್ನೇ ಮುಖ್ಯಸ್ಥೆ ಮಾಡುವುದಾಗಿ ನಾಗರಾಜಪ್ಪನವರು ಹೇಳಿದ ಹೊತ್ತಿಗೆ ಕರಿಸಿದ್ದಪ್ಪನಿಗೆ ಮರೆವು ಶುರುವಾಗಿತ್ತು. ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಸ್ಪ್ಯಾನರ್ ಹುಡುಕುತ್ತಿದ್ದ. ಹೊಳಲ್ಕೆರೆಯಲ್ಲಿ ಬಸ್‌ಸ್ಟ್ಯಾಂಡಿಗೆ ದಾರಿ ತಪ್ಪಿದ. ದೇವಿಕಾ ನೋಡಿದರೂ ನೋಡದಂತೆ ಇದ್ದಳು. ಕೆಲಸ ಬಿಡಿಸಿದರೆ ಅಪ್ಪ ಉಳಿಯುವುದಿಲ್ಲ ಎಂಬ ಭಯ ಅವಳಿಗೆ. ಹೆತ್ತವರ ವಿಷಯದಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳದವರು ಯಾರಿದ್ದಾರೆ?

ಒಂದು ದಿನ ಹೊಸದುರ್ಗದ ಹಾಸ್ಟೆಲ್ಲಿನಲ್ಲಿ ಮಾರುತೇಶ್ ಎಂಬ ಕೆಲಸಗಾರ ಸಂಪಿಗಿಳಿದು ಮೋಟಾರಿನ ವೈರು ಬಿಚ್ಚುತ್ತಿದ್ದ. ಮೇಲೆ ನಿಂತವನು ಕರಿಸಿದ್ದಪ್ಪ. ಬೀಡಿಗೆಂದು ಜೇಬಿಗೆ ಕೈ ಹಾಕಿದ, ಫ್ಯೂಸು ಸಿಕ್ಕಿತು. ಇದು ಇಲ್ಲೇಕೆ ಬಂತು ಎಂದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, ಶ್ರದ್ಧೆಯ ಕೆಲಸಗಾರನಲ್ಲವೇ, ಅದು ಇರಬೇಕಾದ ಜಾಗದಲ್ಲಿ ಇಟ್ಟುಬಂದ.

ಮಾರುತೇಶ್ ಉಳಿದ. ಆದರೆ ಅವನ ಬಲಗೈ ಮೊದಲಿನಂತಾಗಲಿಲ್ಲ.

"ನಿಮ್ಮಪ್ಪನ್ನ ಆಫೀಸ್ನಾಗೆ ಕೂರ್ಸಾಣ ಬಿಡಮ್ಮ, ಟೀ ಕುಡ್ಕಂಡು ಇರ್ಲಿ" ಎಂದರು ನಾಗರಾಜಪ್ಪನವರು. ಅವರು ಒಳ್ಳೆಯವರೇ. ಆದರೆ ದೇವಿಕಾಗೆ ಅಪ್ಪ ಗೊತ್ತು. ಸ್ವಿಚ್‌ಬೋರ್ಡ್ ಕಂಡಲ್ಲಿ ಅವನ ಕೈ ಸುಮ್ಮನಿರದು. ಕಾನೂನು ಮಾಡಿದವಳೂ ಅವಳೇ. ಚಿತ್ರದುರ್ಗದ ಆಫೀಸಿನಲ್ಲಿ ಎಲ್ಲ ಕೆಲಸಗಾರರ ಮುಂದೆ, ಕಂಪನಿಯ ನೀಲಿ ಕೋಟು ತೊಟ್ಟು ನಿಂತು, "ಕರಿಸಿದ್ದಪ್ಪನೋರೆ, ನಾಳೆಯಿಂದ ನೀವು ಕೆಲಸಕ್ಕೆ ಬರಬೇಡಿ" ಎಂದಳು. ಅಪ್ಪ ಎಂದಿದ್ದರೆ ಅಲ್ಲೇ ಅಳು ಬಂದುಬಿಡುತ್ತಿತ್ತು. ಅದಕ್ಕೇ ಹೆಸರು ಹಿಡಿದು ಕರೆದಳು. ಕರಿಸಿದ್ದಪ್ಪ ಅವಳ ಮುಖವನ್ನೇ ನೋಡಿದ. "ಆಗ್ಲಿ ಮೇಡಂ" ಎಂದು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ.

ಅವಳಿಗೆ ನಾಲ್ಕು ಊರಿನ ಹುದ್ದೆ ಸಿಕ್ಕಿತು. ಜೀಪು ಸಿಕ್ಕಿತು. ಮನೆಯಲ್ಲಿ ಅಪ್ಪ ಅವಳೊಂದಿಗೆ ಮಾತಾಡುವುದು ನಿಂತಿತು. ಮುನಿಸೋ ಮರೆವೋ ಎಂದು ತಿಳಿಯದೆ ಅವಳು ಒಳಗೊಳಗೇ ಸವೆದಳು. ಬೈದಿದ್ದರೂ ಚೆನ್ನಾಗಿರುತ್ತಿತ್ತು.

ಒಂದು ಮಧ್ಯಾಹ್ನ ತಾಯಿ ಕಾಳಕ್ಕ ಫೋನು ಮಾಡಿದಳು. "ನಿಮ್ಮಪ್ಪ ಮನೆ ಸಂಪಿನ ಮುಚ್ಚಳ ತೆಗೆದು ಬೆಳಿಗ್ಗಿಂದ ಬಿಸಿಲಾಗೆ ನಿಂತೈತೆ ಕಣೆ. ಮೋಟಾರ್ ಫ್ಯೂಸ್ ಕಿತ್ತು ಜೇಬಿಗ್ ಹಾಕ್ಕಂಡೈತೆ. ಉಣ್ಣಾಕೂ ಬರವಲ್ದು."

ದೇವಿಕಾ ಹೊಳಲ್ಕೆರೆಯಿಂದ ನೇರ ಮನೆಗೆ ಬಂದಳು. ಕರಿಸಿದ್ದಪ್ಪ ಸಂಪಿನ ಪಕ್ಕದಲ್ಲಿ ಬೆವರಿಳಿಸುತ್ತ ನಿಂತಿದ್ದ. ಮುಂದೆ ಬಂದವಳ ನೀಲಿ ಕೋಟು ನೋಡಿ ಜೇಬನ್ನು ಗಟ್ಟಿಯಾಗಿ ಒತ್ತಿ ಹಿಡಿದ.

"ಫ್ಯೂಸ್ ಕೊಡಪ್ಪ, ನಾನು ದೇವಿ."

"ದೂರ ನಿಂತ್ಕಳ್ರಿ ಮೇಡಂ. ನನ್ ಮಗಳು ಒಳಗವ್ಳೆ."

ದೇವಿಕಾ ಬೇಡಿಕೊಂಡಳು. ಕೈ ಮುಗಿದಳು, ಅತ್ತಳು, ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡಳು. ಅವನು ಅಲ್ಲಾಡಲಿಲ್ಲ. ಕೊನೆಗೆ ಒಳಗೆ ಹೋಗಿ, ಕೋಟು ಬಿಚ್ಚಿಟ್ಟು, ಹಳೆಯ ಚೂಡಿದಾರ ಹಾಕಿಕೊಂಡು ಬಂದಳು. ಕಾಳಕ್ಕ ಬೀಡಿ ಹಚ್ಚಿಕೊಡುವ ನೆಪದಲ್ಲಿ ಗಂಡನನ್ನು ಆಚೆಗೆ ತಿರುಗಿಸಿದಾಗ ದೇವಿಕಾ ಸಂಪಿನ ಬಾಯಿಗೆ ಕಾಲಿಟ್ಟಳು. ಫ್ಯೂಸು ಅವನ ಜೇಬಿನಲ್ಲಿತ್ತು. ಹೊಸದುರ್ಗದಲ್ಲೂ ಅವನ ಜೇಬಿನಲ್ಲೇ ಇತ್ತು. ಅದು ನೆನಪಿದ್ದೂ ಅವಳು ಇಳಿದಳು.

ಒಳಗೆ ನೀರು ತಣ್ಣಗಿತ್ತು. ಒಂದಿಷ್ಟು ಹೊತ್ತು ಗೋಡೆಗೆ ಒರಗಿ ನಿಂತಳು. ಮೇಲೆ ಅಪ್ಪ ಕೆಮ್ಮುವುದು ಕೇಳಿಸುತ್ತಿತ್ತು. ನಂತರ ಹತ್ತಿ ಬಂದು, ನೀರು ಸೋರಿಸಿಕೊಂಡು ಅವನೆದುರು ನಿಂತಳು.

"ಅಪ್ಪಾ, ಮ್ಯಾಲೆ ಬಂದೆ."

ಕರಿಸಿದ್ದಪ್ಪನ ಮುಖ ಅರಳಿತು. "ಬಂದ್ಯಾ ನನ್ನವ್ವ? ಎಷ್ಟೊತ್ ಮಾಡಿದ್ಯೇ!" ಎಂದು ಕಂಬಳಿಯ ತುದಿಯಿಂದ ಅವಳ ತಲೆ ಒರೆಸಿದ. ಫ್ಯೂಸು ತೆಗೆದು ಅವಳ ಅಂಗೈಯಲ್ಲಿಟ್ಟ. ಬೆಳಿಗ್ಗೆಯಿಂದ ಹಿಡಿದಿದ್ದ ಪಿಂಗಾಣಿ ಬಿಸಿಯಾಗಿತ್ತು.

"ಆ ಮೇಡಂ ಬಂದಿದ್ಲು ಕಣೆ, ನನ್ನ ಕೆಲ್ಸದಿಂದ ತೆಗೆದ್ಲಲ್ಲ, ಅವ್ಳೇ. ಫ್ಯೂಸ್ ಕೇಳಿದ್ಲು. ಕೊಡ್ಲಿಲ್ಲ."

"ಒಳ್ಳೇದ್ ಮಾಡ್ದೆ ಬಿಡಪ್ಪ" ಎಂದಳು ದೇವಿಕಾ.

"ಪಾಪ, ಅಳ್ತಾ ಇದ್ಲು" ಎಂದ ಕರಿಸಿದ್ದಪ್ಪ, ಅವಳ ಕೂದಲು ಒರೆಸುತ್ತಲೇ. "ಮ್ಯಾಲೆ ನಿಂತ್ಕಳಾಕೆ ಅವ್ಳಿಗೆ ಯಾರೂ ಇಲ್ವೇನೋ."