ಮುಂದಿನ ವಾರ್ಡು, ಹಿಂದಿನ ವಾರ್ಡು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಛೀಯಮ್ಮ ಅಂತ. ಎದುರಿಗಲ್ಲ, ಬೆನ್ನ ಹಿಂದೆ. ನೆಲ ಒರೆಸಿದ ಬಟ್ಟೆಯನ್ನೇ ಯಾರಾದರೂ ಮಂಚಕ್ಕೂ ಹಾಕಿದರೆ ಛೀ. ಕಂಪೌಂಡರ್ ಔಷಧಿ ಸೀಸೆಯ ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತೆಗೆದರೆ ಛೀ. ಡಾಕ್ಟರು ಕೈ ತೊಳೆಯದೆ ಹೆರಿಗೆ ಕೋಣೆಗೆ ಕಾಲಿಟ್ಟರೂ ಛೀಯೇ, ಆದರೆ ಅದನ್ನು ಬಾಯೊಳಗೇ ನುಂಗಿಕೊಂಡು ಸೋಪು ಹಿಡಿದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಆಯಾ ಕೆಲಸದಿಂದ ಶುರುಮಾಡಿ, ನರ್ಸಿಂಗ್ ಕಲಿತು, ಹೆರಿಗೆ ವಾರ್ಡಿನ ಹೆಡ್ ನರ್ಸ್ ಆಗುವ ಹೊತ್ತಿಗೆ ನುಂಗುವುದನ್ನೂ ಬಿಟ್ಟಿದ್ದಳು.

ಅವಳು ಆಯಾ ಆಗಿ ಕೆಲಸಕ್ಕೆ ಸೇರಿದಾಗ ಇನ್ನೂ ಬಿಳಿ ದೊರೆಗಳ ಕಾಲ. ಆಸ್ಪತ್ರೆ ಕಟ್ಟಿಸಿದವರೂ ಅವರೇ. ರಸ್ತೆಗೆ ಮುಖ ಮಾಡಿದ ಮುಂದಿನ ವಾರ್ಡು ಅವರಿಗೆ. ಎತ್ತರದ ಚಾವಣಿ, ಫ್ಯಾನು, ಮಂಚಮಂಚಕ್ಕೂ ಸೊಳ್ಳೆಪರದೆ, ಜಗಲಿಯಲ್ಲಿ ಹೂಕುಂಡಗಳ ಸಾಲು. ಅದರ ಬೆನ್ನಿಗೊಂದು ಗೋಡೆ. ಗೋಡೆಯಾಚೆ ತಗಡಿನ ಉದ್ದನೆಯ ಶೆಡ್ಡು, ಅದು ಊರಿನವರಿಗೆ. ನೀರಿನ ಟ್ಯಾಂಕು ಒಂದೇ, ಅದೂ ಮುಂದಿನ ವಾರ್ಡಿನ ತಲೆಯ ಮೇಲೆ. ಅಲ್ಲಿನವರ ಸ್ನಾನವಾಗಿ, ಹೂಕುಂಡಗಳಿಗೂ ಹಾಕಿ ಮಿಕ್ಕಿದ್ದು ಹಿಂದಿನ ನಲ್ಲಿಯಲ್ಲಿ ನೆಗಡಿಯಾದ ಮೂಗಿನ ಹಾಗೆ ತೊಟ್ಟಿಕ್ಕುತ್ತಿತ್ತು.

ನದಿಯಾಚೆಯ ಊರಲ್ಲೂ ಅದೇ ದೊರೆಗಳು, ಅದೇ ನಕ್ಷೆಯ ಆಸ್ಪತ್ರೆ, ಅದೇ ಗೋಡೆ. ಅವಳ ತಂಗಿಯನ್ನು ಆ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಆಗ ನದಿ ಬರೀ ನದಿ. ಸೇತುವೆ ದಾಟಿ ಬೆಳಿಗ್ಗೆ ಹೋಗಿ ಸಂಜೆಗೆ ಬಂದುಬಿಡಬಹುದಿತ್ತು. ದೊರೆಗಳು ಹೊರಟಾಗ ನಕ್ಷೆಯ ಮೇಲೆ ಗೆರೆ ಎಳೆದು ಈ ದಡವನ್ನು ಒಂದು ದೇಶ ಮಾಡಿದರು, ಆ ದಡವನ್ನು ಇನ್ನೊಂದು ದೇಶ ಮಾಡಿದರು. ಅಕ್ಕ ಒಂದು ದೇಶದವಳಾದಳು, ತಂಗಿ ಇನ್ನೊಂದು ದೇಶದವಳಾದಳು.

ಸ್ವಾತಂತ್ರ್ಯ ಬಂದ ಬೆಳಿಗ್ಗೆ ಊರೆಲ್ಲ ಬಾವುಟ ನೋಡಲು ಮೈದಾನಕ್ಕೆ ಓಡಿತು. ಅವಳು ಮಾತ್ರ ಇನ್ನಿಬ್ಬರು ಆಯಾಗಳನ್ನು ಕಟ್ಟಿಕೊಂಡು ಖಾಲಿ ಬಿದ್ದಿದ್ದ ಮುಂದಿನ ವಾರ್ಡಿಗೆ ನುಗ್ಗಿ, ಫಿನಾಯಿಲ್ ಹಾಕಿ ನೆಲ ತಿಕ್ಕಿ, ಹಾಸಿಗೆ ಕೊಡವಿ, ಶೆಡ್ಡಿನ ಬಾಣಂತಿಯರನ್ನು ಒಬ್ಬೊಬ್ಬರಾಗಿ ಕೈಹಿಡಿದು ಕರೆತಂದು ಮಲಗಿಸಿದಳು. ಒಬ್ಬಳಂತೂ ಫ್ಯಾನು ತಿರುಗುವುದನ್ನೇ ನೋಡುತ್ತ ಮಗುವಿಗೆ ಹಾಲು ಕೊಡುವುದನ್ನೇ ಮರೆತಿದ್ದಳು.

ಮಧ್ಯಾಹ್ನ ಹೊಸ ಸೂಪರಿಂಟೆಂಡೆಂಟು ಬಂದ. ನಮ್ಮವನೇ. ಅವನ ತಾಯಿ ಅವನನ್ನು ಹೆತ್ತದ್ದೂ ಅದೇ ತಗಡಿನ ಶೆಡ್ಡಿನಲ್ಲಿ.

"ಯಾರು ಹೇಳಿದ್ರು ನಿಮಗೆ, ಇವರನ್ನೆಲ್ಲ ಇಲ್ಲಿಗೆ ತರೋಕೆ?"

"ದೊರೆಗಳು ಹೋದ್ರಲ್ಲ ಸಾರ್."

"ದೊರೆಗಳು ಹೋದ್ರು. ವಾರ್ಡು ಎಲ್ಲಿಗೆ ಹೋಗುತ್ತೆ? ನಾಳೆ ಮಂತ್ರಿಗಳ ಮನೆಯವರು ಬಂದ್ರೆ ನಿನ್ನ ಸೆರಗು ಹಾಸಿ ಮಲಗಿಸ್ತೀಯಾ?"

ಬಾಣಂತಿಯರು ಎದ್ದು, ಮಕ್ಕಳನ್ನು ಎದೆಗವಚಿಕೊಂಡು, ಗೋಡೆಯ ಪಕ್ಕದ ಓಣಿಯಲ್ಲಿ ಒಂದೇ ಸಾಲಾಗಿ ವಾಪಸು ಹೋದರು. ವಾರದೊಳಗೆ ಬೋರ್ಡು ಬರೆಯುವವನು ಬಂದು ಏಣಿ ಹತ್ತಿದ. ಮೊದಲು ಅಲ್ಲಿ 'ಬಿಳಿಯರಿಗೆ ಮಾತ್ರ' ಎಂದಿತ್ತು. ಈಗ 'ಗಣ್ಯರಿಗೆ ಮಾತ್ರ' ಎಂದಾಯಿತು. 'ಮಾತ್ರ'ವನ್ನು ಕೆರೆಯುವ ಕಷ್ಟವೂ ಅವನಿಗೆ ಬರಲಿಲ್ಲ. ಏಣಿಯ ಬುಡದಲ್ಲಿ ನಿಂತು ನೋಡಿದ ಅವಳು ಛೀ ಎಂದು ಉಗಿದಳು. ಬಾಣಂತಿಯರ ಹೊಲಸು, ರಕ್ತ, ಕೀವು ಇವಾವುವೂ ಅವಳಿಂದ ಹಾಗೆ ಉಗಿಸಿರಲಿಲ್ಲ.

ಆಮೇಲಿನ ವರ್ಷಗಳನ್ನು ಹೇಳಿದರೆ ಬಾಯಿ ಹೊಲಸು. ಊರಿನ ಬೆನ್ನಿಗಿದ್ದ ಗುಡ್ಡದಲ್ಲಿ ತಾಮ್ರದ ಗಣಿ ಇತ್ತು. ದೊರೆಗಳು ಹೋದರೂ ಗಣಿಯ ಕಂಪನಿ ಹೋಗಲಿಲ್ಲ. ಸರ್ಕಾರಕ್ಕೆ ಬೇಕಾದ್ದನ್ನೆಲ್ಲ ಕಂಪನಿ ಕೊಡುತ್ತಿತ್ತು, ಕಂಪನಿಗೆ ಬೇಕಾದ್ದನ್ನೆಲ್ಲ ಸರ್ಕಾರ ಕೊಡುತ್ತಿತ್ತು. ನಡುವೆ ಜನ ಎಂಬುವರು ಯಾರಿಗೂ ಬೇಕಾಗಿರಲಿಲ್ಲ. ಮಂತ್ರಿಗಳು ಬದಲಾದರು. ಒಬ್ಬನನ್ನು ಸೈನ್ಯದವರು ಇಳಿಸಿದರು, ಅವರನ್ನು ಸೈನ್ಯದ ಇನ್ನೊಂದು ಗುಂಪು ಇಳಿಸಿತು. ಇಳಿದವರೂ ಏರಿದವರೂ ಕೆಮ್ಮು ಬಂದರೆ ದೊರೆಗಳ ದೇಶಕ್ಕೇ ವಿಮಾನ ಹತ್ತುತ್ತಿದ್ದರು. ಮುಂದಿನ ವಾರ್ಡಿಗೆ ಬರುತ್ತಿದ್ದವರು ಅವರ ಅತ್ತೆಯರು, ಷಡ್ಡಕರು, ಷಡ್ಡಕರ ಡ್ರೈವರುಗಳು. ಡ್ರೈವರು ಕೂಡ ಹಿಂದಿನ ಶೆಡ್ಡಿನ ಕಡೆ ನೋಡಿ ಮೂಗು ಮುಚ್ಚಿಕೊಳ್ಳುತ್ತಿದ್ದ.

ಎರಡು ದೇಶಗಳಿಗೂ ನದಿಯ ನಡುವಿನ ಮರಳುದಿಬ್ಬದ ಮೇಲೆ ಜಗಳವಾಗಿ ಸೇತುವೆಯ ಮೇಲೆ ಬಂದೂಕು ನಿಂತವು. ಅಕ್ಕತಂಗಿಯರು ಮುಖ ನೋಡದೆ ಎಷ್ಟೋ ವರ್ಷವಾಯಿತು. ಅಂತೂ ಒಂದು ದಿನ ಸೇತುವೆ ತೆರೆಯಿತು. ಅದೇ ತಿಂಗಳು ತಂಗಿಯ ಮಗಳಿಗೆ ಹೆರಿಗೆ. ಛೀಯಮ್ಮ ರಜೆ ಹಾಕಿ, ಚೀಲದಲ್ಲಿ ತನ್ನದೇ ಸೋಪು, ತನ್ನದೇ ಕುದಿಸಿದ ಬಟ್ಟೆ ತುಂಬಿಕೊಂಡು ಹೊರಟಳು. ಆ ಕಡೆಯೂ ಇದೇ ಗತಿ ಎಂದು ಅವಳ ಲೆಕ್ಕ.

ಆಸ್ಪತ್ರೆಯ ಮುಂದೆ ನಿಂತಾಗ ಅವಳಿಗೆ ತನ್ನ ಆಸ್ಪತ್ರೆಯ ಮುಂದೆಯೇ ನಿಂತ ಹಾಗಾಯಿತು. ಅದೇ ಕಮಾನು, ಅದೇ ಜಗಲಿ. ಒಳಗೆ ಕಾಲಿಟ್ಟರೆ ಗೋಡೆ ಇಲ್ಲ. ಗೋಡೆ ಇದ್ದ ಕಡೆ ನೆಲದ ಮೇಲೆ ಬೇರೆ ಬಣ್ಣದ ಗಾರೆಯ ಪಟ್ಟಿ ಮಾತ್ರ ಉಳಿದಿತ್ತು. ಮುಂದಿನಿಂದ ಹಿಂದಿನವರೆಗೂ ಒಂದೇ ಉದ್ದನೆಯ ವಾರ್ಡು, ಒಂದೇ ಬಗೆಯ ಹಾಸಿಗೆ. ತಂಗಿಯ ಮಗಳ ಮಂಚದ ಒಂದು ಪಕ್ಕ ಮೀನು ಮಾರುವವಳು, ಇನ್ನೊಂದು ಪಕ್ಕ ಯಾರೋ ನ್ಯಾಯಾಧೀಶನ ಸೊಸೆ. ಇಬ್ಬರೂ ನೋವಿನಲ್ಲಿ ತಂತಮ್ಮ ಗಂಡಂದಿರಿಗೆ ಒಂದೇ ತರಹದ ಬೈಗುಳ ಬೈಯುತ್ತಿದ್ದರು. ಅವಳು ಮಂಚದ ಕೆಳಗೆ ಕೈಯಾಡಿಸಿದಳು. ಬೆರಳಿಗೆ ಧೂಳು ಹತ್ತಲಿಲ್ಲ. ನಲ್ಲಿ ತಿರುಗಿಸಿದಳು. ನೀರು ರಭಸದಿಂದ ಬಂದು ಅವಳ ಸೀರೆಯನ್ನೆಲ್ಲ ನೆನೆಸಿತು.

ಸಂತೋಷವಾಗಬೇಕಿತ್ತು. ಆಗಲಿಲ್ಲ. ತನ್ನ ಊರಿನ ಮೇಲೆ, ಏಣಿ ಹತ್ತಿದವನ ಮೇಲೆ, ಸಾಲಾಗಿ ವಾಪಸು ಹೋದ ಬಾಣಂತಿಯರ ಮೇಲೆ ಹೇಸಿಗೆ ಉಕ್ಕಿತು.

ಸಂಜೆ ತಂಗಿಯ ಮನೆಯ ಹಿತ್ತಿಲಲ್ಲಿ ಕೂತು ತಂಗಿಯ ಗಂಡನನ್ನು ಕೇಳಿಯೇಬಿಟ್ಟಳು. ಅವನು ಸ್ಕೂಲ್ ಮೇಷ್ಟ್ರು, ಮೆತ್ತಗೆ ಮಾತಾಡುವವನು.

"ಅದೇ ದೊರೆಗಳು, ಅದೇ ಆಸ್ಪತ್ರೆ. ನಿಮ್ಮವರೇನು ಮೇಲಿಂದ ಇಳಿದು ಬಂದವರಾ? ಹೇಳಿ ನೋಡೋಣ."

"ಇಲ್ಲ ಅಕ್ಕ. ನಮ್ಮಲ್ಲಿ ಕದಿಯೋಕೆ ಏನೂ ಇರಲಿಲ್ಲ, ಅಷ್ಟೇ. ಗಣಿ ಇಲ್ಲ, ಏನಿಲ್ಲ. ಸರ್ಕಾರ ನಡೀಬೇಕಾದ್ರೆ ನಮ್ಮ ಹತ್ರಾನೇ ತೆರಿಗೆ ಕೇಳ್ಬೇಕು. ಕೇಳಿದಾಗ ಜನ ಸುಮ್ನೆ ಕೊಡ್ತಾರಾ? ಮೊದ್ಲು ಗೋಡೆ ಒಡೀರಿ ಅಂದ್ರು. ಒಡೆದ್ರು."

"ಅಷ್ಟೇನಾ?"

ಅವನು ಹಿತ್ತಿಲ ಬೇಲಿಯ ಕಡೆ ಒಮ್ಮೆ ನೋಡಿ ದನಿ ಇನ್ನೂ ತಗ್ಗಿಸಿದ. "ನಮ್ಮ ನಾಯಕನೂ ಸಾಚಾ ಅಲ್ಲ ಬಿಡಿ. ಅವನ ಫೋಟೋ ನೋಡಿ ನಾನೊಂದು ತಮಾಷೆ ಮಾಡಿದ್ದಕ್ಕೆ ಆರು ತಿಂಗಳು ಜೈಲಲ್ಲಿಟ್ರು. ಇಲ್ಲಿ ನೀರು ಜೋರಾಗಿ ಬರುತ್ತೆ, ಮಾತು ಮಾತ್ರ ಮೆಲ್ಲಗೆ ಬರಬೇಕು."

"ಮನೆಗೆ ಬಂದಾಗ ಒಂದು ವಾರ ಬಾಯೇ ಬಿಟ್ಟಿರ್ಲಿಲ್ಲ ಇವರು," ಎಂದಳು ತಂಗಿ. "ಆದ್ರೂ ಆಸ್ಪತ್ರೆ ಬಗ್ಗೆ ಮಾತ್ರ ಯಾರೂ ಹೆದರಲ್ಲ ಅಕ್ಕ. ಅದು ನಮ್ಮದು."

ಅವಳಿಗೆ ಆ ಉತ್ತರದಿಂದ ಸಮಾಧಾನವೇನೂ ಆಗಲಿಲ್ಲ. ಕಾರಣ ಗೊತ್ತಾದ ಮಾತ್ರಕ್ಕೆ ಕೊಳೆ ಹೋಗುತ್ತದೆಯೇ? ಮಗು ಹುಟ್ಟಿತು, ಹೆಣ್ಣು. ಬೆಚ್ಚಗೆ ಸುತ್ತಿ ತಂಗಿಯ ಮಡಿಲಿಗೆ ಹಾಕಿ ಅವಳು ಸೇತುವೆ ದಾಟಿ ವಾಪಸು ಬಂದಳು.

ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ, ಗಣಿಯ ಕೂಲಿಯವಳೊಬ್ಬಳನ್ನು ಹೆರಿಗೆಗೆಂದು ಕೈಗಾಡಿಯಲ್ಲಿ ತಂದರು. ಶೆಡ್ಡಿನಲ್ಲಿ ಮಂಚವಿಲ್ಲ, ನೀರಿಲ್ಲ. ನೆಲದ ಮೇಲೆ ಹಿಂದಿನ ಹೆರಿಗೆಯ ಕಲೆ ಹಾಗೇ ಒಣಗಿ ನೊಣ ಮುತ್ತಿತ್ತು. ಆಯಾಗಳು ಅದರ ಮೇಲೆ ನ್ಯೂಸ್‌ಪೇಪರ್ ಹಾಸಿ "ಇಲ್ಲೇ ಮಲಗಿಸಿ" ಎಂದರು. ಆ ಹೊತ್ತಿಗೆ ಮುಂದಿನ ವಾರ್ಡಿನಲ್ಲಿ ಆರೋಗ್ಯ ಮಂತ್ರಿಯ ಅತ್ತೆ ಮಲಬದ್ಧತೆಗೆಂದು ಬಂದು ಮಲಗಿದ್ದಳು. ಟ್ಯಾಂಕಿನ ನೀರೆಲ್ಲ ಅವಳ ಸ್ನಾನದ ತೊಟ್ಟಿಗೆ ಹೋಗಿತ್ತು.

ಛೀಯಮ್ಮ ಕೂಲಿಯವಳನ್ನು ಸ್ಟ್ರೆಚರಿಗೆ ಹತ್ತಿಸಿ, ಓಣಿ ದಾಟಿಸಿ, 'ಗಣ್ಯರಿಗೆ ಮಾತ್ರ'ದ ಕೆಳಗಿನಿಂದಲೇ ತಳ್ಳಿಕೊಂಡು ಹೋದಳು. ಮಂತ್ರಿಯ ಸಹಾಯಕ ಬಾಗಿಲಿಗೆ ಅಡ್ಡ ಬಂದ.

"ಏನಮ್ಮ ಇದು? ತಲೆ ಕೆಟ್ಟಿದೆಯಾ?"

"ಮಗು ತಲೆ ಕಾಣ್ತಾ ಇದೆ. ಸರಿದು ನಿಲ್ತೀಯೋ, ನೀನೇ ಹಿಡ್ಕೋತೀಯೋ?"

ಅವನು ಸರಿದ. ಮಗು ಅಲ್ಲೇ ಹುಟ್ಟಿತು, ಫ್ಯಾನಿನ ಕೆಳಗೆ. ಅದರ ಮೊದಲ ಅಳು ಕೇಳಿ ಮಂತ್ರಿಯ ಅತ್ತೆ ಎದ್ದು ಕೂತಳು. ಬಂದಾಗಿನಿಂದ ಅವಳನ್ನು ನೋಡಲು ಅಳಿಯನೂ ಬಂದಿರಲಿಲ್ಲ, ಮಗಳೂ ಬಂದಿರಲಿಲ್ಲ. "ಎಲ್ಲಿ, ಇಲ್ಲಿ ಕೊಡ್ರೇ ಅದನ್ನ," ಎಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತವಳು, ತಾಯಿಮಗುವನ್ನು ಇಲ್ಲಿಂದ ಕದಲಿಸಿದರೆ ತಾನು ಔಷಧಿ ಮುಟ್ಟುವುದಿಲ್ಲ ಎಂದು ಹಟ ಹಿಡಿದಳು. ಛೀಯಮ್ಮನಿಗೆ ಆ ಮುದುಕಿಯ ಮೇಲೆ, ಬೇಡವೆಂದರೂ, ಚೂರು ಮಮತೆ ಹುಟ್ಟಿತು.

ಸುದ್ದಿ ಹೋಗಿ ಮರುದಿನ ಮಂತ್ರಿಯೇ ಬಂದ, ಫೋಟೋದವನನ್ನು ಕರೆದುಕೊಂಡು. ಮಗುವನ್ನು ಎತ್ತಿಕೊಂಡ. ಎತ್ತಿಕೊಳ್ಳುವ ಮೊದಲು ಸಹಾಯಕ ಮಂತ್ರಿಯ ಕೋಟಿನ ಮೇಲೆ ಟವೆಲು ಹಾಸಿದ, ಫೋಟೋ ತೆಗೆಯುವಾಗ ತೆಗೆದ, ಆದಮೇಲೆ ಮತ್ತೆ ಹಾಸಿದ. "ಇದು ಜನರ ಆಸ್ಪತ್ರೆ," ಎಂದು ಮಂತ್ರಿ ಹೇಳಿದ್ದು ಪೇಪರಿನಲ್ಲಿ ಬಂತು. ಹೆಡ್ ನರ್ಸಮ್ಮನೂ ಪಕ್ಕಕ್ಕೆ ಬಂದು ನಿಲ್ಲಬೇಕೆಂದರು. ಅವಳು ಬೆಡ್‌ಪ್ಯಾನ್ ಹಿಡಿದು ನಿಂತಲ್ಲೇ ನಿಂತಳು. "ಇದನ್ನ ಚೆಲ್ಲಿ ಬರ್ತೀನಿ," ಎಂದು ಹೋದವಳು ಬರಲೇ ಇಲ್ಲ.

ಅತ್ತೆ ಮನೆಗೆ ಹೋದ ದಿನವೇ ಕೂಲಿಯವಳನ್ನು ಹಸುಗೂಸಿನ ಸಮೇತ ಶೆಡ್ಡಿಗೆ ಕಳಿಸಿದರು. ಮುಂದಿನ ವಾರ್ಡಿಗೆ ಕಬ್ಬಿಣದ ಗೇಟು, ಬೀಗ, ಕೋಲು ಹಿಡಿದ ಕಾವಲುಗಾರ ಬಂದರು. ಛೀಯಮ್ಮನನ್ನು ಬಟ್ಟೆಗಳ ಉಗ್ರಾಣಕ್ಕೆ ವರ್ಗ ಮಾಡಿದರು. ಹೆರಿಗೆ ಮಾಡಿಸುವ ಕೈಗೆ ದಿಂಬಿನ ಚೀಲ ಮಡಿಸುವ ಕೆಲಸ. ಆ ಕೂಸು ನಂಜಾಗಿ ತೀರಿಕೊಂಡಿತು ಎಂದು ಅವಳಿಗೆ ಆಯಾ ಒಬ್ಬಳು ಹೇಳಿದ್ದು ಹೀಗೆ: "ಹೋಯ್ತಂತೆ ಕಣಮ್ಮ ಪಾಪ, ಇಲ್ಲಿ ಹೋಗೋದು ಹೊಸದಾ?" ಆ ದಿನ ಅವಳು ಅನ್ನ ಮುಟ್ಟಲಿಲ್ಲ. ಮಂತ್ರಿಯ ಮೇಲೆ ಬಂದ ಹೇಸಿಗೆಗಿಂತ ಆ ಆಯಾಳ ಮೇಲೆ ಬಂದ ಹೇಸಿಗೆ ದೊಡ್ಡದಾಗಿತ್ತು. ಆ ಆಯಾಳೂ ಎರಡು ಮಕ್ಕಳನ್ನು ಅದೇ ಶೆಡ್ಡಿನಲ್ಲಿ ಕಳೆದುಕೊಂಡವಳು.

ಉಗ್ರಾಣದಲ್ಲೇ ಅವಳು ನಿವೃತ್ತಳಾದಳು. ಆಮೇಲೆ ತಂಗಿಗೆ ಮೈ ಸರಿಯಿಲ್ಲವೆಂದು ಮತ್ತೆ ಸೇತುವೆ ದಾಟಿದಾಗ ಆ ದೇಶದಲ್ಲೂ ಗಾಳಿ ಬದಲಾಗಿತ್ತು. ಹಳೆಯ ನಾಯಕ ಸತ್ತು ಮಗ ಕೂತಿದ್ದ. ಕಡಲಿನಲ್ಲಿ ಎಣ್ಣೆ ಸಿಕ್ಕಿತ್ತು. ತೆರಿಗೆಯನ್ನು ಅರ್ಧಕ್ಕರ್ಧ ಇಳಿಸಿದ್ದರು, ಜನ ಖುಷಿಯಾಗಿದ್ದರು. ತಂಗಿ ಮಲಗಿದ್ದ ಆಸ್ಪತ್ರೆಗೆ ಹೋದರೆ, ಬಡಗಿಯೊಬ್ಬ ವಾರ್ಡಿನ ನಡುವೆ ಮರದ ಚೌಕಟ್ಟು ನಿಲ್ಲಿಸುತ್ತಿದ್ದ.

"ಏನಪ್ಪಾ ಇದು?" ಎಂದಳು ಅವಳು.

"ಅಡ್ಡಗೋಡೆ ಅಮ್ಮ. ಆ ಕಡೆ ದೊಡ್ಡವರಿಗಂತೆ."

ಅವಳು ಹೋಗಿ ತಂಗಿಯ ಮಂಚದ ಅಂಚಿನಲ್ಲಿ ಕೂತು, "ಮುಗೀತು ಕಣೇ. ಇಲ್ಲಿಗೂ ಬಂತು," ಎಂದಳು.

ತಂಗಿ ಜ್ವರದ ಮೈಯಲ್ಲೇ ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ಬಡಗಿಯ ಚೌಕಟ್ಟಿನ ನಡುವೆ ಸ್ಟೂಲು ಹಾಕಿಕೊಂಡು ಕೂತಳು. ಪಕ್ಕದ ಮಂಚದವಳೂ ಎದ್ದಳು. ರೋಗಿಗಳನ್ನು ನೋಡಲು ಬಂದವರು, ಅಡುಗೆಯವರು, ಇಬ್ಬರು ನರ್ಸುಗಳು ಸೇರಿಕೊಂಡರು. ಸಂಜೆಗೆ ಮೇಷ್ಟ್ರೂ ಬಂದ. ಬಾಗಿಲಲ್ಲಿ ನಿಂತು ಎರಡು ಸಲ ಹಿಂದೆ ನೋಡಿದ. ಬಂದು ಹೆಂಡತಿಯ ಪಕ್ಕದಲ್ಲಿ ನೆಲದ ಮೇಲೆ ಕೂತ. ಪೊಲೀಸರು ಬಂದು ಗದರಿದರು. ಒಬ್ಬ ಪೊಲೀಸಿನವನ ತಾಯಿಯೂ ಅಲ್ಲೇ ಕೂತಿದ್ದರಿಂದ ಅವನು ಹೊರಗೆ ಹೋಗಿ ಬೀಡಿ ಹಚ್ಚಿದ. ಮೂರನೆಯ ದಿನ ಬಡಗಿಗೆ ಚೌಕಟ್ಟು ಕಿತ್ತುಕೊಂಡು ಹೋಗುವಂತೆ ಅಪ್ಪಣೆ ಬಂತು. ದೊಡ್ಡವರಿಗೆ ಊರಾಚೆ ಗುಡ್ಡದ ಮೇಲೆ ಬೇರೆಯೇ ಆಸ್ಪತ್ರೆ ಕಟ್ಟುತ್ತಾರಂತೆ ಎಂದೂ ಸುದ್ದಿ ಬಂತು.

"ಗೆದ್ದೆವು ಅಂತ ಕುಣೀಬೇಡಿ," ಎಂದಳು ಅವಳು. "ಹೊಲಸನ್ನ ಆ ಮೂಲೆಯಿಂದ ಈ ಮೂಲೆಗೆ ಗುಡಿಸಿದ್ದಾರೆ ಅಷ್ಟೇ."

"ಗುಡ್ಡಕ್ಕೂ ದಾರಿ ಇದೆ ಅಕ್ಕ," ಎಂದು ತಂಗಿ ಸ್ಟೂಲಿನಿಂದ ಏಳಲು ಕೈ ಚಾಚಿದಳು. ಅಕ್ಕ ಹೊರಡುವಾಗ, "ಅಲ್ಲಿ ಯಾರಿದ್ದಾರೆ ನಿಂಗೆ? ಇಲ್ಲೇ ಇದ್ದುಬಿಡು," ಎಂದು ಅತ್ತಳು.

ಅವಳು ನಿಲ್ಲಲಿಲ್ಲ. ತನ್ನ ದಡದ ಬಾಡಿಗೆ ಕೋಣೆಗೆ ಬಂದು, ನೆರೆಯ ಹೆಂಗಸರಿಗೆಲ್ಲ ಬಡಗಿಯ ಕಥೆ ಹೇಳಿದಳು. ಬಾಯಿ ಬಿಟ್ಟುಕೊಂಡು ಕೇಳಿದರು. ಕೊನೆಗೆ ಎದುರು ಮನೆಯ ತುಂಬು ಬಸುರಿ ನಿಟ್ಟುಸಿರು ಬಿಟ್ಟು, "ಅಲ್ಲಿನ ಜನ ಬೇರೆ ಬಿಡಮ್ಮ. ನಮ್ಮವರು ಹೀಗೇ," ಎಂದಳು.

"ಹೀಗೇ ಅಂತ ಯಾರೂ ಹುಟ್ಟಲ್ಲ ಕಣೇ! ಎರಡೂ ದಡದ ಮಕ್ಕಳನ್ನ ಈ ಕೈಯಲ್ಲಿ ಹಿಡಿದಿದ್ದೀನಿ. ಹೀಗಾಗೋದು ಆಮೇಲೆ. ಇಂಥ ಮಾತು ಕೇಳಿ ಕೇಳಿ."

ಬಸುರಿ ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದಳು. ಹೆಂಗಸರು ಒಬ್ಬೊಬ್ಬರಾಗಿ ಚದುರಿದರು. ತಿಂಗಳ ಮೇಲೆ ಆ ಬಸುರಿಗೆ ನೋವು ಶುರುವಾದಾಗ ಮನೆಯವರು ಆಸ್ಪತ್ರೆಗೆ ಒಯ್ಯಲು ಕೈಗಾಡಿ ತಂದರು. ಅವಳು ಗಾಡಿ ಹತ್ತಲೊಲ್ಲೆನೆಂದು ಹಟ ಹಿಡಿದು, ಎದುರು ಕೋಣೆಯ ಬಾಗಿಲು ಬಡಿಯಿರಿ ಎಂದಳು. ಛೀಯಮ್ಮ ಬಾಗಿಲು ತೆರೆದವಳೇ ಒಲೆಯ ಮೇಲೆ ನೀರಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಗಾಡಿ ತಂದ ಗಂಡಸರನ್ನೆಲ್ಲ ಬೈದು ಬೀದಿಗೆ ಅಟ್ಟಿದಳು.